ಶುಕ್ರವಾರದ ಪಟ್ಟಿಯಲ್ಲಿ ನಿಮ್ಮ ಕೈಬರಹ ಎಲ್ಲಿದೆ?

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿ ಮುಗಿಸಿದ ಮೇಲೆ ಉಳಿದವನ್ನು ತೆರೆಯಲು ಮನಸ್ಸಾಗಲಿಲ್ಲ. ಹೆಸರು ಬೇಡ ಎಂದಿರುವ ಈ ಓದುಗರಿಗೆ 38 ವರ್ಷ. ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಏಳು ತಿಂಗಳ ಹಿಂದೆ ಅವರ ಕಚೇರಿ ವಾರಕ್ಕೆ ನಾಲ್ಕು ದಿನದ ಪದ್ಧತಿಗೆ ಬದಲಾಯಿತು. ದಿನಕ್ಕೆ 10 ಗಂಟೆ ದುಡಿಮೆ, ಶುಕ್ರವಾರವೂ ಬಿಡುವು, ಸಂಬಳ ಮೊದಲಿನಷ್ಟೇ. ಬೆಳಿಗ್ಗೆ 7.45ಕ್ಕೆ ಮನೆ ಬಿಟ್ಟರೆ ಮರಳುವುದು ರಾತ್ರಿ 8.15ಕ್ಕೆ.

‘ಎಲ್ಲರೂ ನನ್ನನ್ನು ಅದೃಷ್ಟವಂತೆ ಎನ್ನುತ್ತಾರೆ. ನಾನು ಮಾತ್ರ ಮೊದಲಿಗಿಂತ ಹೆಚ್ಚು ದಣಿದಿದ್ದೇನೆ. ಐದು ದಿನಕ್ಕೇ ಮರಳುತ್ತೇನೆಂದು ಮೇಲಧಿಕಾರಿಯನ್ನು ಕೇಳಲೇ? ಊರಿಗೆಲ್ಲ ಸಿಗದ ಭಾಗ್ಯ ನಿನಗೆ ಸಿಕ್ಕಿದೆ, ಸುಮ್ಮನಿರು ಎನ್ನುತ್ತಾರೆ ಯಜಮಾನರು. ನಾನು ಉಪಕಾರ ಸ್ಮರಣೆ ಇಲ್ಲದವಳೇ?’ ಇದು ಅವರ ಪ್ರಶ್ನೆ.

ತಾಯಿ, ನಿಮ್ಮ ದಣಿವನ್ನು ನಾನು ಒಂದಿಷ್ಟೂ ಅನುಮಾನಿಸುವುದಿಲ್ಲ. ಸಂಜೆ ಐದರ ನಂತರ ಒಂದೇ ಬಿಲ್ಲಿನ ಸಂಖ್ಯೆಯನ್ನು ಮೂರು ಸಲ ಓದಬೇಕಾಗುತ್ತದೆ ಎಂದಿದ್ದೀರಿ. ಗುರುವಾರ ರಾತ್ರಿ ಚಪ್ಪಲಿ ಬಿಚ್ಚಲೆಂದು ಹೊಸ್ತಿಲ ಬಳಿ ಕುಳಿತವರಿಗೆ ಹತ್ತು ನಿಮಿಷ ಏಳಲು ಆಗಲಿಲ್ಲ ಎಂದಿದ್ದೀರಿ. ಒಂಬತ್ತನೆಯ, ಹತ್ತನೆಯ ಗಂಟೆ ಮೊದಲ ಗಂಟೆಯಂತಿರುವುದಿಲ್ಲ. ಕೆಲಸದ ಹೊತ್ತು ಎಂಟು ಗಂಟೆಯನ್ನು ಮೀರಿದಷ್ಟೂ ತಪ್ಪು, ಅಪಘಾತಗಳ ಸಂಭವ ಏರುತ್ತದೆಂದು ಪಾಳಿ ಕೆಲಸವನ್ನು ಅಧ್ಯಯನ ಮಾಡಿದವರು ಬಹುಕಾಲದಿಂದ ಹೇಳುತ್ತಲೇ ಇದ್ದಾರೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಾಲು. ಪತ್ರದ ಕೊನೆಯಲ್ಲಿ ಸಹಿಗೆ ಮುಂಚೆ, ಹೇಳಿಯೂ ಹೇಳದಂತೆ ಬರೆದಿದ್ದೀರಿ: ‘ಫ್ರಿಜ್ಜಿನ ಬಾಗಿಲ ಮೇಲೆ ಶುಕ್ರವಾರದ ಪಟ್ಟಿ ಇರುತ್ತದೆ, ಯಾರಿಗೆ ಏನು ನೆನಪಾದರೂ ಅದರಲ್ಲಿ ಬರೆದಿಡುತ್ತಾರೆ.’ ಪಟ್ಟಿಯ ಫೋಟೋ ಕೂಡ ಇತ್ತು. ನಾನು ಅದನ್ನು ದೊಡ್ಡದು ಮಾಡಿ ನೋಡಿದೆ. ಹನ್ನೊಂದು ಸಾಲುಗಳು. ಬ್ಯಾಂಕಿನ ಕೆಲಸ, ಗೀಸರ್ ರಿಪೇರಿಯವರು ಬರುವ ಸಮಯ, ಅತ್ತೆಯವರ ಕಣ್ಣಿನ ತಪಾಸಣೆ, ಮಗಳಿಗೆ ಚಾರ್ಟ್ ಪೇಪರ್. ಗಂಡನ ಅಕ್ಕ ಬರೆದದ್ದಂತೂ ಎರಡು ಸಾಲು: ತಮ್ಮ ಕೊರಿಯರ್ ನಿಮ್ಮ ಮನೆಗೇ ಬರುತ್ತದೆ ಎಂದು ಒಂದು, ಬ್ಲೌಸು ಹೊಲಿಸಲು ಕೊಟ್ಟು ಬರಬೇಕು ಎಂದು ಇನ್ನೊಂದು. ನಾಲ್ವರ ಕೈಬರಹವಿದೆ. ಪತ್ರದಲ್ಲಿರುವ ನಿಮ್ಮ ದುಂಡು ಅಕ್ಷರ ಆ ಪಟ್ಟಿಯಲ್ಲಿ ಒಂದೂ ಇಲ್ಲ.

ನೀವು ಲೆಕ್ಕ ಬಲ್ಲವರು, ಲೆಕ್ಕವನ್ನೇ ಹಾಕೋಣ. ಈ ಅಂಕಣದಲ್ಲಿ ನಾನು ಎಷ್ಟೋ ಸಲ ಹೇಳಿದ್ದೇನೆ, ದಿನಗಳನ್ನು ಎಣಿಸಬೇಡಿ, ಗಂಟೆಗಳನ್ನು ಎಣಿಸಿ. ಐದೆಂಟಲೆ 40, ನಾಲ್ಕು ಹತ್ತಲೆಯೂ 40. ಕಚೇರಿ ನಿಮಗೆ ಒಂದು ಗಂಟೆಯನ್ನೂ ಬಿಟ್ಟುಕೊಟ್ಟಿಲ್ಲ. ಸೋಮವಾರದಿಂದ ಗುರುವಾರದವರೆಗೆ ನಿಮ್ಮ ಸಂಜೆಗಳಿಂದ ಎರಡೆರಡು ಗಂಟೆ ತೆಗೆದು ಎಂಟು ಗಂಟೆ ಕೂಡಿಸಿ ಶುಕ್ರವಾರದ ಬೆಲೆಯನ್ನು ನೀವೇ ತೆತ್ತಿದ್ದೀರಿ. ನಿಜವಾಗಿ ಉಳಿದದ್ದು ಒಂದು ದಿನದ ಓಡಾಟದ ಎರಡು ಗಂಟೆ, ಊಟದ ಅರ್ಧ ಗಂಟೆ. ಅಂದ ಮೇಲೆ ಯಾರ ಉಪಕಾರವನ್ನು ಸ್ಮರಿಸುತ್ತೀರಿ? ನೀವು ಕೂಡಿಟ್ಟ ಹಣವನ್ನು ನಾಲ್ವರು ನಿಮ್ಮ ಸಹಿಯಿಲ್ಲದೆ ತೆಗೆಯುತ್ತಿದ್ದಾರೆ.

ನಾಲ್ಕು ದಿನದ ವಾರ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳು ಓಡಾಡುತ್ತಿವೆ. ಫೋರ್ಡ್ ಕಂಪನಿ 1926ರಲ್ಲಿ ಕಾರ್ಮಿಕರಿಗೆ ಶನಿವಾರವನ್ನೂ ಬಿಡುವು ಮಾಡಿದಾಗ ದಿನದ ಎಂಟು ಗಂಟೆಯನ್ನು ಹಿಗ್ಗಿಸಲಿಲ್ಲ, ವಾರದ ದುಡಿಮೆ 48ರಿಂದ 40 ಗಂಟೆಗೆ ಇಳಿಯಿತು. ಐಸ್‌ಲ್ಯಾಂಡಿನಲ್ಲಿ 2015ರಿಂದ 2019ರವರೆಗೆ ಎರಡೂವರೆ ಸಾವಿರ ನೌಕರರೊಡನೆ ನಡೆದ ಪ್ರಯೋಗದಲ್ಲೂ ಸಂಬಳ ಮುಟ್ಟದೆ ಗಂಟೆಗಳನ್ನೇ 35–36ಕ್ಕೆ ತಂದರು. ಬ್ರಿಟನ್ನಿನಲ್ಲಿ 2022ರಲ್ಲಿ 61 ಸಂಸ್ಥೆಗಳು ಆರು ತಿಂಗಳು ನಡೆಸಿದ ಪ್ರಯೋಗದ ಕೊನೆಗೆ ನೂರರಲ್ಲಿ 71 ಮಂದಿಯ ಬಳಲಿಕೆ ತಗ್ಗಿತ್ತು, ಅಲ್ಲಿಯೂ ಕಡಿಮೆಯಾದದ್ದು ಗಂಟೆಗಳೇ. ನಿಮ್ಮದು ಇನ್ನೊಂದು ಬಗೆ, ಇದ್ದ ಗಂಟೆಗಳನ್ನು ಅಡಕಿ ತುಂಬಿದ ವಾರ. ಬೆಲ್ಜಿಯಂ 2022ರಲ್ಲಿ ಕಾನೂನಿನಲ್ಲಿ ಅವಕಾಶ ಕೊಟ್ಟದ್ದು ಇದಕ್ಕೆ. ಅಮೆರಿಕದ ಯೂಟಾ ರಾಜ್ಯ ಸರ್ಕಾರ 2008ರಲ್ಲಿ ತನ್ನ ಬಹುಪಾಲು ನೌಕರರಿಗೆ ಹತ್ತು ಗಂಟೆಯ ನಾಲ್ಕು ದಿನ ಮಾಡಿ 2011ರಲ್ಲಿ ಕೈಬಿಟ್ಟಿತು. ಅಡಕಿದ ವಾರ ಹಿಡಿಸುವವರೂ ಇದ್ದಾರೆ, ಮೂರು ದಿನ ಒಟ್ಟಿಗೆ ಸಿಗುತ್ತದೆಂದು ಅದನ್ನೇ ಬಯಸುವವರೂ ಇದ್ದಾರೆ. ಮೊದಲ ಬಗೆಯ ಸುದ್ದಿ ಓದಿದವರು ಎರಡನೆಯ ಬಗೆಯಲ್ಲಿರುವ ನಿಮ್ಮನ್ನು ಅದೃಷ್ಟವಂತೆ ಎನ್ನುತ್ತಿದ್ದಾರೆ, ನೀವೂ ನಂಬಿಬಿಟ್ಟಿದ್ದೀರಿ.

ನಿಮ್ಮ ಮೇಲಧಿಕಾರಿಯ ಬಗ್ಗೆ ನನಗೆ ದೊಡ್ಡ ದೂರಿಲ್ಲ. ಅತ್ತೆಯವರ ಬಗ್ಗೆಯೂ ಇಲ್ಲ. ಮಂಜಾಗುತ್ತಿರುವ ಕಣ್ಣನ್ನು ಯಾರಾದರೂ ವೈದ್ಯರ ಬಳಿಗೆ ಕರೆದೊಯ್ಯಲೇಬೇಕು. ಮಗಳು ಚಿಕ್ಕವಳು, ಕೇಳುವುದು ಅವಳ ಹಕ್ಕು. ನನಗೆ ಸಿಟ್ಟು ಬಂದಿರುವುದು ನಿಮ್ಮ ಗಂಡನ ಅಕ್ಕನ ಮೇಲೆ. ಅವರೂ ಕಚೇರಿಗೆ ಹೋಗುವವರೆಂದು ನೀವೇ ಬರೆದಿದ್ದೀರಿ. ದಿನವೆಲ್ಲ ದುಡಿದು ಮನೆಗೆ ಬಂದ ಹೆಣ್ಣಿನ ಕಾಲು ಹೇಗೆ ಜೋಮು ಹಿಡಿದಿರುತ್ತದೆಂದು ಗೊತ್ತಿದ್ದೂ ತಮ್ಮ ಬ್ಲೌಸಿನ ಕೆಲಸವನ್ನು ನಿಮ್ಮ ಫ್ರಿಜ್ಜಿನ ಮೇಲೆ ಅಂಟಿಸಿ ಹೋಗುತ್ತಾರೆ. ತಿಳಿಯದವರು ಮಾಡಿದರೆ ಕ್ಷಮಿಸಬಹುದು. ಇವರಿಗೆ ಎಲ್ಲವೂ ತಿಳಿದಿದೆ.

ಯಜಮಾನರಿಗೆ ಒಂದು ಮಾತು. ‘ಸುಮ್ಮನಿರು’ ಎನ್ನುವ ಮೊದಲು ಪಟ್ಟಿಯಲ್ಲಿ ನಿಮ್ಮ ಅಕ್ಷರದ ಸಾಲುಗಳೆಷ್ಟಿವೆ ಎಂದು ಎಣಿಸಿ ನೋಡಿ. ನಾನು ಎಣಿಸಿದ್ದೇನೆ, ಐದು.

ಐದು ದಿನಕ್ಕೆ ಮರಳಲೇ ಎಂದು ಕೇಳಿದಿರಿ. ಈಗ ಬೇಡ. ಮರಳಿದರೆ ಹತ್ತನೆಯ ಗಂಟೆಯ ದಣಿವು ತಪ್ಪುತ್ತದೆ, ನಿಜ, ಆದರೆ ಆ ಪಟ್ಟಿ ಶನಿವಾರಕ್ಕೆ ವರ್ಗವಾಗುತ್ತದೆ. ನಿಮ್ಮ ದಣಿವಿನಲ್ಲಿ ಕಚೇರಿಯ ಪಾಲೆಷ್ಟು, ಮನೆಯ ಪಾಲೆಷ್ಟು ಎಂದು ತಿಳಿಯದೆ ಮೇಲಧಿಕಾರಿಯ ಮುಂದೆ ಏನೆಂದು ಕೇಳುತ್ತೀರಿ?

ಮಾಡಬೇಕಾದದ್ದು ಒಂದೇ ಕೆಲಸ. ಬರುವ ಗುರುವಾರ ರಾತ್ರಿ ಆ ಪಟ್ಟಿಯನ್ನು ಫ್ರಿಜ್ಜಿನಿಂದ ಕಿತ್ತು, ಕತ್ತರಿಯಿಂದ ಸಾಲು ಸಾಲಾಗಿ ಕತ್ತರಿಸಿ, ಯಾರ ಅಕ್ಷರವೋ ಅವರ ಕೈಗೆ ಅವರ ಸಾಲನ್ನು ಕೊಟ್ಟುಬಿಡಿ. ಜಗಳ ಬೇಡ, ವಿವರಣೆಯೂ ಬೇಡ. ‘ಇದು ನಿಮ್ಮದು’ ಎಂದಷ್ಟೇ ಹೇಳಿ. ಗಂಡನ ಅಕ್ಕನ ಎರಡು ಸಾಲನ್ನು ಅವರ ತಮ್ಮನ ಕೈಗೆ ಕೊಡಿ, ಅವರೇ ತಲುಪಿಸಲಿ. ಕಣ್ಣಿನ ತಪಾಸಣೆಯ ಸಾಲನ್ನು ಮನಸ್ಸಿದ್ದರೆ ಇಟ್ಟುಕೊಳ್ಳಿ. ಇಟ್ಟುಕೊಂಡರೆ ನಿಮ್ಮ ಅಕ್ಷರದಲ್ಲಿ ಮತ್ತೆ ಬರೆದು ಇಟ್ಟುಕೊಳ್ಳಿ. ಶುಕ್ರವಾರ ಬೆಳಿಗ್ಗೆ ಎಚ್ಚರವಾಗುವವರೆಗೆ ಮಲಗಿ.

ಹೀಗೆ ಆರು ಶುಕ್ರವಾರ ಕಳೆಯಲಿ. ಆಮೇಲೂ ಸಂಜೆ ಐದರ ನಂತರ ಬಿಲ್ಲಿನ ಸಂಖ್ಯೆಗಳು ಕಣ್ಣಮುಂದೆ ಕಲಸಿಹೋಗುತ್ತಿದ್ದರೆ ಮೇಲಧಿಕಾರಿಯ ಬಳಿ ಹೋಗಿ ದಿನಕ್ಕೆ ಎಂಟೇ ಗಂಟೆ ಬೇಕೆಂದು ತಲೆಯೆತ್ತಿ ಕೇಳಿ. ಆ ಮನವಿಯ ಕರಡನ್ನು ನನಗೆ ಕಳುಹಿಸಿದರೆ ನಾನೇ ತಿದ್ದಿಕೊಡುತ್ತೇನೆ.