ಆ ಹನ್ನೆರಡು ಕಚ್ಚುಗಳ ಬಗ್ಗೆ ಬರೆಯಿರಿ

ಪ್ರಿಯ ಲೇಖಕರೇ,

ನಮಸ್ಕಾರ. ‘ಮ್ಯಾನ್ಯುಯಲ್ ಗೇರ್‌ಗೆ ಬದಲಾಯಿಸುವಾಗ ಕ್ಲಚ್, ಫ್ಲೈವೀಲ್ ಆಯ್ಕೆ: ಹತ್ತು ಸಲಹೆಗಳು’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಅದರೊಳಗೆ ಒಂದು ಒಳ್ಳೆಯ ಲೇಖನ ಅಡಗಿ ಕೂತಿದೆ, ಅದನ್ನು ಹೊರಗೆ ತೆಗೆಯಲು ನಿಮ್ಮಿಂದ ಮಾತ್ರ ಸಾಧ್ಯ. ಅದಕ್ಕೇ ಇಷ್ಟು ಉದ್ದದ ಪತ್ರ ಬರೆಯುತ್ತಿದ್ದೇನೆ.

ಓಹಾಯೋದಲ್ಲಿರುವ ನೀವು ನಿಮ್ಮ 1996ರ ಜೀಪ್ ಚೆರೋಕಿಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇಳಿಸಿ, ಐದು ಗೇರಿನ ಎಎಕ್ಸ್-15 ಎಂಬ ಮ್ಯಾನ್ಯುಯಲ್ ಗೇರ್‌ಬಾಕ್ಸ್ ಕೂರಿಸಿದ್ದೀರಿ. ಚಳಿಗಾಲದಲ್ಲಿ, ಸ್ವಂತ ಕೈಯಿಂದ, ಜಾಕ್ ಮೇಲೆ ಎತ್ತಿದ ಗಾಡಿಯ ಕೆಳಗೆ ಮಲಗಿ. ಇಷ್ಟು ತಿಳಿಯಲು ನಾನು ಏಳನೇ ಪುಟದವರೆಗೆ ಹೋಗಬೇಕಾಯಿತು. ಅಲ್ಲಿ ಎಂಟನೇ ಸಲಹೆಯ ಕೊನೆಗೆ ಒಂದು ಸಾಲು: ‘1989ರ ಗಾಡಿಯ ಫ್ಲೈವೀಲ್ ಹಾಕಿದ್ದರಿಂದ ಎಂಜಿನ್ ಸ್ಟಾರ್ಟ್ ಆಗಲಿಲ್ಲ, ಮತ್ತೆ ಗೇರ್‌ಬಾಕ್ಸ್ ಇಳಿಸಬೇಕಾಯಿತು.’ ಅಷ್ಟೇ. ಮುಂದಿನ ಸಲಹೆ ಗೇರ್ ಆಯಿಲ್ ಬಗ್ಗೆ.

ಆ ಒಂದು ಸಾಲೇ ನಿಮ್ಮ ಲೇಖನ. ಉಳಿದ ಒಂಬತ್ತು ಸಲಹೆಗಳನ್ನು ಯಾರು ಬೇಕಾದರೂ ಬರೆಯಬಹುದು. ಬೋಲ್ಟ್‌ಗಳು ಸರಿಯಾಗಿ ಕೂತವು, ಸ್ಟಾರ್ಟರ್ ತಿರುಗಿತು, ಪೆಟ್ರೋಲ್ ಇತ್ತು, ಬ್ಯಾಟರಿ ಇತ್ತು, ಆದರೂ ಕಿಡಿ ಹುಟ್ಟಲಿಲ್ಲ. ಯಾಕೆ? ಓದುಗರು ಕೇಳುವುದು ಇದನ್ನೇ. ನೀವು ಉತ್ತರ ಕೊಡದೆ ಮುಂದಕ್ಕೆ ಹೋಗಿಬಿಟ್ಟಿದ್ದೀರಿ.

ಉತ್ತರ ನಿಮಗೆ ಗೊತ್ತು. ಫ್ಲೈವೀಲ್ ಎಂದರೆ ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ತುದಿಗೆ ಬಿಗಿದ ಭಾರದ ತಟ್ಟೆ. ಈ 4.0 ಲೀಟರ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಸೆನ್ಸರ್, ಕ್ಲಚ್ಚನ್ನು ಮುಚ್ಚುವ ಬೆಲ್‌ಹೌಸಿಂಗ್ ಮೇಲೆ ಕೂತು, ಕೆಳಗೆ ತಿರುಗುವ ಫ್ಲೈವೀಲಿನ ಕಚ್ಚುಗಳನ್ನು ನೋಡುತ್ತದೆ. 1991ರಿಂದ ಈಚಿನ ಎಂಜಿನ್ನಿಗೆ ನಾಲ್ಕು ನಾಲ್ಕು ಕಚ್ಚುಗಳ ಮೂರು ಗುಂಪು, ಒಟ್ಟು ಹನ್ನೆರಡು. ಗುಂಪಿನೊಳಗೆ ಕಚ್ಚಿಂದ ಕಚ್ಚಿಗೆ 20 ಡಿಗ್ರಿ. ಒಂದೊಂದು ಗುಂಪೂ ಎರಡೆರಡು ಸಿಲಿಂಡರುಗಳ ಸುದ್ದಿ ಹೇಳುತ್ತದೆ. 1987ರಿಂದ 1990ರವರೆಗಿನ ಗಾಡಿಗಳಲ್ಲಿ ರೆನೊ-ಬೆಂಡಿಕ್ಸ್ ಎಂಬ ಬೇರೆ ಎಂಜಿನ್ ನಿಯಂತ್ರಣ ವ್ಯವಸ್ಥೆ ಇತ್ತು, ಅದರ ಕಚ್ಚುಗಳ ಲೆಕ್ಕವೇ ಬೇರೆ. ನಿಮ್ಮ 1996ರ ಕಂಪ್ಯೂಟರಿಗೆ 1989ರ ಫ್ಲೈವೀಲ್ ಹೇಳಿದ್ದು ಅರ್ಥವೇ ಆಗಲಿಲ್ಲ, ಕಿಡಿ ಯಾವಾಗ ಕೊಡಬೇಕೆಂದೂ ತಿಳಿಯಲಿಲ್ಲ. ಇದನ್ನು ಒಂದು ಪುಟ ಬರೆಯಿರಿ. ಯಾವ ಹೊತ್ತಿಗೆ ಅನುಮಾನ ಬಂತು, ಮೊದಲು ಏನೇನು ತಪಾಸಣೆ ಮಾಡಿದಿರಿ, ಎರಡು ಫ್ಲೈವೀಲ್‌ಗಳನ್ನು ನೆಲದ ಮೇಲೆ ಇಟ್ಟು ನೋಡಿದಾಗ ಏನು ಕಂಡಿತು, ಎಲ್ಲವನ್ನೂ.

ಅಲ್ಲಿಂದ ನಿಮ್ಮ ಲೇಖನಕ್ಕೆ ಒಂದು ದಾರಿಯೂ ಸಿಗುತ್ತದೆ. ಮದುವೆಯಲ್ಲಿ ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಎನ್ನುವ ಹಾಗೆ, ಇಲ್ಲಿನ ಪ್ರತಿ ಭಾಗವೂ ಎಂಜಿನ್ ಕಡೆಯದೋ ಗೇರ್‌ಬಾಕ್ಸ್ ಕಡೆಯದೋ ಎಂದು ಮೊದಲು ತೀರ್ಮಾನವಾಗಬೇಕು. ಫ್ಲೈವೀಲ್ ಎಂಜಿನ್ ಕಡೆಯದು, ಹಾಗಾಗಿ ಅದನ್ನು ಎಂಜಿನ್ನಿನ ಇಸವಿ ನೋಡಿ ಕೊಳ್ಳಬೇಕು. ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಗೇರ್‌ಬಾಕ್ಸ್ ಕಡೆಯದು. ಕ್ಲಚ್ ಪ್ಲೇಟ್ ನಡುವಿನದು: ಅದರ ಅಗಲ ಫ್ಲೈವೀಲಿಗೆ ಹೊಂದಬೇಕು, ನಡುವಿನ ಸ್ಪ್ಲೈನ್, ಅಂದರೆ ಒಳಗೆ ಹಲ್ಲುಗಳಿರುವ ತೂತು, ಗೇರ್‌ಬಾಕ್ಸಿನ ಶಾಫ್ಟಿಗೆ ಹೊಂದಬೇಕು. ಪೈಲಟ್ ಬೇರಿಂಗ್ ಅಂತೂ ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕದು. ಅದರ ಹೊರಸುತ್ತು ಕ್ರ್ಯಾಂಕಿನ ತೂತಿಗೆ ಸೇರಿದ್ದು, ಒಳಸುತ್ತು ಗೇರ್‌ಬಾಕ್ಸ್ ಶಾಫ್ಟಿನ ತುದಿಗೆ ಸೇರಿದ್ದು. ಆಟೊಮ್ಯಾಟಿಕ್ ಗಾಡಿಯಲ್ಲಿ ಇದು ಇರುವುದೇ ಇಲ್ಲ, ಅದಕ್ಕೇ ಜನ ಮರೆಯುತ್ತಾರೆ. ನೀವು ಇದನ್ನು ‘ಇತರೆ ಬಿಡಿಭಾಗಗಳು’ ಎಂಬಲ್ಲಿ ಹಾಕಿದ್ದೀರಿ. ದಯವಿಟ್ಟು ಅಲ್ಲಿಂದ ಎತ್ತಿ ಮೇಲೆ ತನ್ನಿ.

ಇನ್ನು ನಾನು ಒಪ್ಪದ ಮಾತುಗಳು. ‘ಹಗುರ ಫ್ಲೈವೀಲ್ ಹಾಕಿದರೆ ಗಾಡಿ ಚುರುಕಾಗುತ್ತದೆ’ ಎಂದು ಬರೆದಿದ್ದೀರಿ. ಎಷ್ಟು ಚುರುಕು? ಲೆಕ್ಕ ಹಾಕಬಹುದಿತ್ತು. 15 ಸೆಂಟಿಮೀಟರ್ ತ್ರಿಜ್ಯದ ತಟ್ಟೆಯಿಂದ ಎಲ್ಲ ಕಡೆ ಸಮನಾಗಿ 5 ಕಿಲೊ ತೆಗೆದೆವು ಎಂದುಕೊಳ್ಳಿ. ಎಎಕ್ಸ್-15ರ ಮೊದಲ ಗೇರಿನ ಅನುಪಾತ 3.83, ಆಟೊಮ್ಯಾಟಿಕ್ ಚೆರೋಕಿಯಲ್ಲಿ ಮೊದಲೇ ಇದ್ದ ಡಿಫರೆನ್ಶಿಯಲ್ಲಿನ (ಚಕ್ರಗಳ ನಡುವಿನ ಗೇರಿನ) ಅನುಪಾತ 3.55. ಎರಡನ್ನೂ ಗುಣಿಸಿದರೆ 13.6, ಅದರ ವರ್ಗ ಸುಮಾರು 185. 36 ಸೆಂಟಿಮೀಟರ್ ತ್ರಿಜ್ಯದ ಟೈರ್ ಲೆಕ್ಕಕ್ಕೆ ಹಿಡಿದರೆ, ಮೊದಲ ಗೇರಿನಲ್ಲಿ ಗಾಡಿ ವೇಗ ಹಿಡಿಯುವಾಗ ಸುಮಾರು 80 ಕಿಲೊ ಇಳಿಸಿದಂತೆ. ನಾಲ್ಕನೇ ಗೇರಿನಲ್ಲಿ ಅದೇ ಲೆಕ್ಕ ಐದೂವರೆ ಕಿಲೊಗೆ ಬಂದು ನಿಲ್ಲುತ್ತದೆ. ಅಂದರೆ ಲಾಭವಿರುವುದು ಹೊರಡುವಾಗ ಮಾತ್ರ. ಆದರೆ ಹೊರಡುವಾಗಲೇ ಭಾರದ ಫ್ಲೈವೀಲ್ ಬೇಕು! ಕಲ್ಲು ಗುಂಡಿಯ ದಾರಿಯಲ್ಲಿ ನಿಧಾನಕ್ಕೆ ಏರುವ ಜೀಪಿನ ಎಂಜಿನ್ ನಿಂತುಹೋಗದಂತೆ ಎಳೆದುಕೊಂಡು ಹೋಗುವುದು ಆ ಭಾರವೇ. ನೀವು ಆ ಗಾಡಿಯನ್ನು ಕೊಂಡದ್ದೇ ಅಂಥ ದಾರಿಗಾಗಿ ಎಂದು ಮೊದಲ ಪುಟದಲ್ಲಿ ಹೇಳಿದ್ದೀರಿ. ಹಾಗಿದ್ದ ಮೇಲೆ ಹಗುರದ್ದನ್ನು ಹೊಗಳಿದ್ದು ಯಾರ ಮಾತು ಕೇಳಿ?

‘ಸ್ಟೇಜ್ 3 ಕ್ಲಚ್ ಉತ್ತಮ’ ಎನ್ನುವುದೂ ಹೀಗೇ. ಹಿಡಿತ ಎಷ್ಟು ಗಟ್ಟಿ ಎಂದು ಹೇಳುವ ಈ ಸ್ಟೇಜ್ ಎನ್ನುವುದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ, ಒಬ್ಬೊಬ್ಬ ತಯಾರಕರದ್ದು ಒಂದೊಂದು. ಕ್ಲಚ್ಚಿನ ಹಿಡಿತ ನಿಂತಿರುವುದು ಕ್ಲಚ್ ಪ್ಲೇಟಿನ ಮೇಲಿನ ಲೈನಿಂಗಿನ ಘರ್ಷಣೆ, ಅದನ್ನು ಫ್ಲೈವೀಲಿಗೆ ಒತ್ತಿಹಿಡಿಯುವ ಪ್ರೆಶರ್ ಪ್ಲೇಟಿನ ಒತ್ತಡ, ಕ್ಲಚ್ ಪ್ಲೇಟಿನ ಸರಾಸರಿ ತ್ರಿಜ್ಯ ಇವುಗಳ ಮೇಲೆ, ಎರಡು ಮುಖ ಸೇರಿಸಿ. ಒತ್ತಡ ಹೆಚ್ಚಿಸಿದರೆ ಎಡಗಾಲಿಗೂ ರಿಲೀಸ್ ಬೇರಿಂಗಿಗೂ ಕ್ರ್ಯಾಂಕಿನ ಥ್ರಸ್ಟ್ ಬೇರಿಂಗಿಗೂ ಭಾರ. ಲೈನಿಂಗ್ ಬದಲು ಸೆರಾಮಿಕ್ ತುಂಡು ಹಾಕಿದರೆ ಹಾಫ್ ಕ್ಲಚ್ಚಿನಲ್ಲಿ ಗಾಡಿ ಅದುರುತ್ತದೆ. ಸುಮಾರು 300 ನ್ಯೂಟನ್ ಮೀಟರಿನ, ಏನೂ ಮಾರ್ಪಾಡು ಮಾಡದ ಎಂಜಿನ್ನಿಗೆ ಕಂಪನಿಯ ಹತ್ತೂವರೆ ಇಂಚಿನ ಸಾಮಾನ್ಯ ಕ್ಲಚ್ಚೇ ಸಾಕು. ಇದು ನನ್ನ ಅಭಿಪ್ರಾಯ. ನಿಮ್ಮದು ಬೇರೆಯಾಗಿದ್ದರೆ ಕಾರಣ ಕೊಟ್ಟು ವಾದಿಸಿ, ಖುಷಿಯಿಂದ ಹಾಕುತ್ತೇನೆ.

ಒಂದು ಮುಖ್ಯ ವಿಷಯ ಬಿಟ್ಟೇಹೋಗಿದೆ. 1993ರವರೆಗಿನ ಗಾಡಿಗಳಲ್ಲಿ ಪೆಡಲಿನ ಒತ್ತಡವನ್ನು ಎಣ್ಣೆಯ ಮೂಲಕ ಪಡೆದು ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಬೆಲ್‌ಹೌಸಿಂಗ್ ಒಳಗೇ ಇರುತ್ತದೆ, ಸೋರಿದರೆ ಗೇರ್‌ಬಾಕ್ಸ್ ಇಳಿಸದೆ ಗತಿಯಿಲ್ಲ. 1994ರಿಂದ ಅದು ಹೊರಗೆ ಬಂತು. ಗುಜರಿಯಲ್ಲಿ ಗೇರ್‌ಬಾಕ್ಸ್ ಹುಡುಕುವವರಿಗೆ ಇದಕ್ಕಿಂತ ಬೆಲೆಬಾಳುವ ಮಾತು ಯಾವುದಿದೆ? ಪೆಡಲ್, ವೈರಿಂಗ್, ರಿವರ್ಸ್ ಲೈಟ್ ವಿಷಯ ಮಾತ್ರ ನಾಲ್ಕು ಸಾಲಿಗೆ ಇಳಿಸಿ.

ನಾನು ಪತ್ರಿಕೆಗೆ ಬರುವ ಮುಂಚೆ ಎರಡು ವರ್ಷ ನಮ್ಮ ಚಿಕ್ಕಪ್ಪನ ಗ್ಯಾರೇಜಿನಲ್ಲಿ ಕೆಲಸ ಮಾಡಿದವನು. ಒಂದು ಸಂಜೆ ನಾನೇ ಕ್ಲಚ್ ಪ್ಲೇಟನ್ನು ಹಿಂದುಮುಂದಾಗಿ ಹಾಕಿದೆ. ಸ್ಪ್ರಿಂಗ್ ಇರುವ ಉಬ್ಬು ಭಾಗ ಗೇರ್‌ಬಾಕ್ಸ್ ಕಡೆಗಿರಬೇಕಿತ್ತು, ಫ್ಲೈವೀಲ್ ಕಡೆ ತಿರುಗಿತ್ತು. ಎಲ್ಲ ಕಟ್ಟಿ, ಪೆಡಲ್ ಒತ್ತಿದರೆ ಕ್ಲಚ್ ಬಿಡುತ್ತಲೇ ಇಲ್ಲ. ರಾತ್ರಿ ಮತ್ತೆ ಇಳಿಸಿದಾಗ ಫ್ಲೈವೀಲ್ ಬೋಲ್ಟುಗಳ ತಲೆಯ ಮೇಲೆ ಹೊಸದಾಗಿ ಉಜ್ಜಿದ ಹೊಳೆಯುವ ಗೀರುಗಳಿದ್ದವು. ಚಿಕ್ಕಪ್ಪ ಬೈಯಲಿಲ್ಲ. ಟಾರ್ಚ್ ಹಿಡಿದು, ‘ನೋಡೋ, ಎಲ್ಲಿ ತಾಗಿದೆ ಅಂತ ಅದೇ ಹೇಳ್ತಾ ಇದೆ’ ಅಂದರು. ಇವತ್ತಿಗೂ ಆ ಗೀರುಗಳು ಕಣ್ಣಿಗೆ ಕಟ್ಟಿವೆ. ನಿಮ್ಮ ಲೇಖನದಲ್ಲಿ ನಾನು ಹುಡುಕಿದ್ದು ಅಂಥದ್ದೊಂದು ಗೀರನ್ನು.

ಭಾಷೆಯ ಬಗ್ಗೆ ಎರಡು ಮಾತು. ‘ಸರಿಯಾದ ಕ್ಲಚ್ ನಿಮ್ಮ ಚಾಲನಾ ಅನುಭವವನ್ನು ಮುಂದಿನ ಹಂತಕ್ಕೆ ಕೊಂಡೊಯ್ಯುತ್ತದೆ’ ಎಂಬ ವಾಕ್ಯ ಜಾಹೀರಾತಿನದು, ಕನ್ನಡದಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ಫ್ಲೈವೀಲನ್ನು ಒಂದು ಕಡೆ ‘ಜಡಚಕ್ರ’, ಇನ್ನೊಂದು ಕಡೆ ‘ಗಾಲಿ’ ಎಂದಿದ್ದೀರಿ. ಓದುವವರು ಮೂರು ಬೇರೆ ಬೇರೆ ಸಾಮಾನು ಎಂದುಕೊಳ್ಳುತ್ತಾರೆ. ಗ್ಯಾರೇಜಿನವರು ಹೇಳುವ ಹಾಗೆ ಫ್ಲೈವೀಲ್ ಅಂತಲೇ ಬರೆಯಿರಿ. ನೀವು ಲೇಖನದ ಜತೆ ಕಳಿಸಿದ ಪತ್ರದಲ್ಲಿ ‘ಬೆರಳು ಮರಗಟ್ಟಿ ಸ್ಪ್ಯಾನರ್ ಎರಡು ಸಲ ಮುಖದ ಮೇಲೆ ಬಿತ್ತು’ ಎಂದಿದ್ದೀರಲ್ಲ, ಆ ಕನ್ನಡ ಚೆನ್ನಾಗಿದೆ. ಲೇಖನವೂ ಅದೇ ಕನ್ನಡದಲ್ಲಿ ಇರಲಿ.

ನಮ್ಮ ಓದುಗರಲ್ಲಿ ಆಟೊಮ್ಯಾಟಿಕ್ ಬಿಚ್ಚಿ ಮ್ಯಾನ್ಯುಯಲ್ ಹಾಕುವವರು ತೀರಾ ಕಡಿಮೆ. ಆದರೆ ಒಮ್ಮೆಯಾದರೂ ಕ್ಲಚ್ ಪ್ಲೇಟ್ ಹಾಕಿಸಿ, ಮೆಕ್ಯಾನಿಕ್ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ದುಡ್ಡು ಕೊಟ್ಟವರು ಬಹಳ ಜನ ಇದ್ದಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಿರಿ.

ಸಲಹೆಗಳ ಸಂಖ್ಯೆ ತೆಗೆದುಬಿಡಿ. ಎಂಜಿನ್ ಸ್ಟಾರ್ಟ್ ಆಗದ ಆ ದಿನದಿಂದ ಶುರುಮಾಡಿ, ಸಾವಿರದ ಐನೂರು ಪದ ಸಾಕು. ಎರಡು ಫ್ಲೈವೀಲ್‌ಗಳೂ ಇನ್ನೂ ನಿಮ್ಮ ಹತ್ತಿರ ಇದ್ದರೆ, ಅಕ್ಕಪಕ್ಕ ಇಟ್ಟು ಕಚ್ಚುಗಳು ಕಾಣುವಂತೆ ಓರೆ ಬೆಳಕಿನಲ್ಲಿ ಒಂದು ಫೋಟೊ ತೆಗೆದು ಜತೆಗೆ ಕಳಿಸಿ.

ಇಂತಿ,
ಸಂಪಾದಕ