ಚರ್ಚಿನ ಚಾವಣಿಯಲ್ಲಿ ಅರಬ್ಬಿ ಬರಹ ಯಾಕಿದೆ?

ಇಟಲಿಯ ಸಿಸಿಲಿ ದ್ವೀಪದ ಪಲೆರ್ಮೋ ನಗರದ ಅರಮನೆ ಚರ್ಚಿನ ಚಾವಣಿಯಲ್ಲಿ ಅರಬ್ಬಿ ಬರಹ ನೋಡಿ, 'ಇದು ಮೊದಲು ಮಸೀದಿ ಆಗಿತ್ತಾ?' ಅಂತ ಕೇಳಿದ್ದೀರಿ. ಇಲ್ಲ, ಅದು ಚರ್ಚ್ ಆಗಿಯೇ ಹುಟ್ಟಿದ್ದು. ಕಟ್ಟಿಸಿದ್ದು ನಾರ್ಮನ್ (ಉತ್ತರ ಫ್ರಾನ್ಸ್ ಮೂಲದ) ದೊರೆ ಎರಡನೇ ರೋಜರ್, 12ನೇ ಶತಮಾನದಲ್ಲಿ.

ಅರಬರು ಸಿಸಿಲಿಗೆ ಬಂದಿಳಿದದ್ದು 827ರಲ್ಲಿ. ನಾರ್ಮನ್ನರು ಪಲೆರ್ಮೋ ಗೆದ್ದದ್ದು 1072ರಲ್ಲಿ. ಗೆದ್ದವರು ಹಿಂದಿನದನ್ನೆಲ್ಲ ಅಳಿಸಿ ಹಾಕಲಿಲ್ಲ. ಹಾಗಾಗಿ ಆ ಚರ್ಚಿನ ಗೋಡೆಯ ಮೊಸಾಯಿಕ್ (ಬಣ್ಣದ ಚೂರು ಜೋಡಿಸಿದ ಚಿತ್ರ) ಬೈಜಾಂಟಿನ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಶೈಲಿಯದು, ಜೇನುಗೂಡಿನಂಥ ಮರದ ಚಾವಣಿ ಮುಸ್ಲಿಂ ಕುಶಲಕರ್ಮಿಗಳದ್ದು. ಅಲ್ಲಿನ ಅರಬ್ಬಿ ಬರಹವೂ ಅವರದೇ.

ನನಗೆ ಇದಕ್ಕಿಂತ ಜಾಸ್ತಿ ಮನಸ್ಸಿಗೆ ತಟ್ಟುವುದು ಪಲೆರ್ಮೋದ ಒಂದು ಸಮಾಧಿ ಕಲ್ಲು. 1149ರದು. ಗ್ರಿಸಾಂಡೋ ಎಂಬ ಪಾದ್ರಿ ತನ್ನ ತಾಯಿ ಅನ್ನಾಳಿಗಾಗಿ ಮಾಡಿಸಿದ್ದು. ಲ್ಯಾಟಿನ್, ಗ್ರೀಕ್, ಅರಬ್ಬಿ, ಜೊತೆಗೆ ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿ. ಒಬ್ಬ ತಾಯಿ ತೀರಿಕೊಂಡ ಸುದ್ದಿ ಊರಿನ ಎಲ್ಲರಿಗೂ ಅವರವರ ಅಕ್ಷರದಲ್ಲೇ ತಿಳಿಯಲಿ ಅಂತ ತಾನೇ?

ಸಿಸಿಲಿಯದೇ ಇನ್ನೊಂದು ಊರು ಸಿರಾಕೂಸಾಕ್ಕೂ ಹೋಗಿ. ಅಲ್ಲಿನ ಕ್ಯಾಥೆಡ್ರಲ್ ಗೋಡೆಯೊಳಗೆ ಅಥೇನಾ ದೇವಿಯ ಗ್ರೀಕ್ ಗುಡಿಯ ಕಂಬಗಳು ಈಗಲೂ ನಿಂತಿವೆ.

ಅಂದಹಾಗೆ, ಸಿಸಿಲಿಯ ಕಾಲ್ಟಾನಿಸೆಟ್ಟಾ, ಕಾಲ್ಟಾಜಿರೋನೆ ಊರುಗಳ ಹೆಸರಿನ ಮೊದಲ ಭಾಗ ಅರಬ್ಬಿಯ 'ಕಲಾ', ಅಂದರೆ ಕೋಟೆ. ನಮ್ಮ 'ಕಿಲ್ಲೆ'ಯೂ ಅದೇ ಮೂಲದ್ದು!