ಅವಳಿ ಮಕ್ಕಳು ಎನ್‌ಐಸಿಯುನಲ್ಲಿ: ದಿನವಿಡೀ ಅಲ್ಲೇ ಕೂರಬೇಕಾ?

ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಮಕ್ಕಳಿರುವ ಅಪ್ಪ-ಅಮ್ಮಂದಿರಿಂದ ಈ ಸಲವೂ ಅದೇ ಪ್ರಶ್ನೆಗಳು. ಇನ್‌ಕ್ಯುಬೇಟರ್ ಏನು ಮಾಡುತ್ತೆ, ಕೈ ಯಾಕೆ ತೊಳೆಯಬೇಕು ಅನ್ನೋದನ್ನೆಲ್ಲ ನಿಮ್ಮ ನರ್ಸ್ ಹೇಳಿರುತ್ತಾರೆ, ನಾನು ಮತ್ತೆ ಹೇಳಲ್ಲ.

ಪ್ರಶ್ನೆ: 30 ವಾರಕ್ಕೇ ಅವಳಿ ಮಕ್ಕಳು ಹುಟ್ಟಿದವು, ಇಬ್ಬರೂ ಎನ್‌ಐಸಿಯುನಲ್ಲಿದ್ದಾರೆ. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ. ಗಂಡನ ರಜೆ ಮುಗಿಯುತ್ತಾ ಬಂತು. ದಿನಕ್ಕೆ ಎಷ್ಟು ಗಂಟೆ ಆಸ್ಪತ್ರೆಯಲ್ಲಿರಬೇಕು? ಮನೆಗೆ ಹೊರಟರೆ ಮಕ್ಕಳನ್ನು ಬಿಟ್ಟು ಓಡಿಹೋದ ಹಾಗೆ ಅನಿಸುತ್ತೆ.

ಮೊದಲು ಕ್ಯಾಲೆಂಡರ್ ನೋಡಿ. ಮಕ್ಕಳು ಮನೆಗೆ ಬರಬೇಕಾದರೆ ತಮ್ಮ ಮೈಯನ್ನು ತಾವೇ ಬೆಚ್ಚಗಿಟ್ಟುಕೊಳ್ಳಬೇಕು, ನಡುನಡುವೆ ಉಸಿರು ಮರೆಯೋದು ನಿಲ್ಲಬೇಕು, ಟ್ಯೂಬ್ ಇಲ್ಲದೆ ಹಾಲು ಕುಡಿಯಬೇಕು. ಚೀಪೋದು, ನುಂಗೋದು, ಉಸಿರಾಡೋದು ಒಂದಕ್ಕೊಂದು ಹೊಂದಿಕೊಳ್ಳುವುದೇ ಗರ್ಭದ ಲೆಕ್ಕದಲ್ಲಿ ಸುಮಾರು 34 ವಾರದ ಹೊತ್ತಿಗೆ. ಹಾಗಾಗಿ ಡ್ಯೂ ಡೇಟ್ ಹತ್ತಿರ ಬರುವವರೆಗೆ ಇದು ನಡೆಯುತ್ತೆ ಅಂತಲೇ ಲೆಕ್ಕ ಹಾಕಿ, ಕೆಲವರು ಬೇಗ ಬರುತ್ತಾರೆ, ಬಂದರೆ ಸಂತೋಷ. ಇಷ್ಟು ವಾರ ಊಟ, ನಿದ್ದೆ ಬಿಟ್ಟು ಕಾರಿಡಾರ್‌ನಲ್ಲಿ ಕೂತಿರಲು ಯಾರಿಂದಲೂ ಆಗಲ್ಲ. ಮೊನ್ನೆ ಹೆರಿಗೆಯಾದವರಿಂದಂತೂ ಆಗಲೇ ಆಗಲ್ಲ.

ಮಾನಿಟರ್ ನೋಡುತ್ತಾ ಕೂರೋದು ಆರೈಕೆ ಅಲ್ಲ. ಬೀಪ್ ಅಂದಾಗಲೆಲ್ಲ ನಿಮ್ಮ ಎದೆ ಧಸಕ್ ಅನ್ನುತ್ತೆ, ಗೊತ್ತು, ಆದರೆ ಅದನ್ನು ನೋಡಿಕೊಳ್ಳೋಕೆ ನರ್ಸ್ ಇದ್ದಾರೆ. ಅವರಿಂದ ಆಗದೆ ನಿಮ್ಮಿಂದ ಮಾತ್ರ ಆಗೋದು ಎರಡೇ: ನಿಮ್ಮ ಹಾಲು, ನಿಮ್ಮ ಮೈ.

ಹಾಲಿನಿಂದ ಶುರು ಮಾಡೋಣ. 24 ಗಂಟೆಯಲ್ಲಿ 8 ಸಲ ಹಿಂಡಬೇಕು, ರಾತ್ರಿ ಒಂದು ಸಲವೂ ಸೇರಿ. ಎರಡೂ ಕಡೆ ಒಟ್ಟಿಗೆ ಹಿಂಡುವ ಪಂಪ್ ಸಿಕ್ಕರೆ ಒಂದು ಸಲಕ್ಕೆ 15-20 ನಿಮಿಷ ಸಾಕು. ಮೊದಲ ದಿನಗಳಲ್ಲಿ ಕೆಲವೇ ಹನಿ ಬಂದರೆ ಅಳುತ್ತಾ ಕೂರಬೇಡಿ, ಆ ಹನಿಗಳನ್ನೂ ಚೆಲ್ಲಬೇಡಿ. ದಿನ ತುಂಬದ ಮಕ್ಕಳಿಗೆ ಕರುಳಿನ ಒಂದು ಭಯಂಕರ ಕಾಯಿಲೆ ಬರುವ ಅಪಾಯ ಇರುತ್ತೆ, ತಾಯಿಯ ಹಾಲು ಆ ಅಪಾಯ ಕಡಿಮೆ ಮಾಡುತ್ತೆ. ಈ 8 ಹೊತ್ತನ್ನು ಮೊದಲು ಗೊತ್ತುಮಾಡಿ, ಉಳಿದ ಕೆಲಸ ಅದರ ಸುತ್ತ ಬರಲಿ. ಕೆಲವನ್ನು ಮನೆಯಲ್ಲೇ ಹಿಂಡಿ, ಬಾಟಲಿ ಮೇಲೆ ಹೆಸರು, ದಿನ, ಹೊತ್ತು ಬರೆದು, ತಣ್ಣಗೆ ಇಟ್ಟು ತನ್ನಿ. ಮನೆಗೆ ಹೋಗಿ ಮಗಳ ಪಕ್ಕ ಮಲಗಿ ಮಧ್ಯರಾತ್ರಿ ಎದ್ದು ಹಾಲು ಹಿಂಡುವವಳು ಮಕ್ಕಳನ್ನು ಬಿಟ್ಟು ಓಡಿದವಳು ಹೇಗಾಗ್ತಾಳೆ ಹೇಳಿ?

ಇನ್ನು ಕಾಂಗರೂ ಆರೈಕೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಬಂದಾಗ ಎಡ್ಗರ್ ರೇ ಅನ್ನುವ ವೈದ್ಯರು ಶುರು ಮಾಡಿದ್ದು ಇದು. ಡೈಪರ್ ಹಾಕಿದ ಮಗುವನ್ನು ಬರಿ ಎದೆಗೆ ಒರಗಿಸಿ ಕಟ್ಟಿಕೊಳ್ಳೋದು, ಅಷ್ಟೇ. ದಿನಕ್ಕೆ 8ರಿಂದ 24 ಗಂಟೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಗಾಬರಿ ಬೇಡ, ಆ 8 ಗಂಟೆ ಮಗುವಿನ ಲೆಕ್ಕ, ಅಮ್ಮನೊಬ್ಬಳ ಲೆಕ್ಕ ಅಲ್ಲ. ಅಪ್ಪನ ಎದೆಯೂ ಬೆಚ್ಚಗೇ ಇರುತ್ತೆ, ಅಜ್ಜಿಯದೂ. ಅವಳಿಗಳು ಸ್ಥಿರವಾಗಿದ್ದರೆ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು. ಕೂತರೆ ಕಡಿಮೆ ಅಂದರೂ ಒಂದು ಗಂಟೆ ಕೂರಿ. ಹತ್ತು ನಿಮಿಷಕ್ಕೆ ಎತ್ತಿ ಇಳಿಸಿದರೆ ಮಗುವಿಗೆ ಸುಮ್ನೆ ಸುಸ್ತು. ನಮ್ಮಲ್ಲಿ ಕೆಲವು ಅಪ್ಪಂದಿರು ಬಾಗಿಲಲ್ಲೇ ನಿಂತು "ಡಾಕ್ಟ್ರೇ, ಎಷ್ಟು ಗ್ರಾಂ ಆಯ್ತು?" ಅಂತ ಕೇಳಿ ಹೊರಟುಬಿಡುತ್ತಾರೆ. ಶರ್ಟ್ ಬಿಚ್ಚಿ ಕೂರಿ ಮಾರಾಯ್ರೆ.

ನಿಮ್ಮವರ ರಜೆ ವಿಷಯ. ಉಳಿದಿರುವ ರಜೆಯನ್ನು ಈಗಲೇ ಮುಗಿಸಬೇಡಿ. ಈಗ ಕೆಲಸಕ್ಕೆ ಹೋಗಿ ಸಂಜೆ ಕಾಂಗರೂ ಪಾಳಿಗೆ ಬರಲಿ, ರಜೆ ಮಕ್ಕಳು ಮನೆಗೆ ಬಂದ ಮೇಲೆ ಬೇಕಾಗುತ್ತೆ. ಆಗ ನರ್ಸ್ ಇರಲ್ಲ, ಮಾನಿಟರ್ ಇರಲ್ಲ, ಎರಡು ಹಸಿದ ಬಾಯಿ ಮಾತ್ರ. "ಮಕ್ಕಳು ಐಸಿಯುನಲ್ಲಿ, ಇವನು ಆಫೀಸಿಗೆ ಹೋಗ್ತಾನೆ" ಅನ್ನುವವರು ಯಾರೂ ಆ ರಾತ್ರಿಗಳಲ್ಲಿ ಎದ್ದು ಬರಲ್ಲ.

ಮಗಳಿಗೆ ನಿಜ ಹೇಳಿ: ಪಾಪುಗಳು ತುಂಬಾ ಬೇಗ ಹುಟ್ಟಿದವು, ಅದು ಯಾರ ತಪ್ಪೂ ಅಲ್ಲ. ದಿನದಲ್ಲಿ ಒಂದು ಹೊತ್ತು ಫೋನ್ ಇಲ್ಲದೆ ಅವಳಿಗೇ ಮೀಸಲಿಡಿ. ನೆಂಟರಿಗೆ ಸುದ್ದಿ ಹೇಳೋಕೆ ಮನೆಯ ಒಬ್ಬರನ್ನು ನೇಮಿಸಿ, ದಿನಕ್ಕೆ ಒಂದೇ ಮೆಸೇಜ್, ಅದರಲ್ಲಿ ತೂಕ ಬೇಡವೇ ಬೇಡ. ಮೊದಲ ದಿನಗಳಲ್ಲಿ ತೂಕ ಇಳಿಯೋದು ಸಹಜ, ಆದರೆ ಅದನ್ನು ಇಪ್ಪತ್ತು ಜನಕ್ಕೆ ವಿವರಿಸೋ ಹೊತ್ತಿಗೆ ನೀವು ಅರ್ಧ ಸತ್ತಿರುತ್ತೀರಿ. "ಒಂದು ಚೆನ್ನಾಗಿದೆ, ಇನ್ನೊಂದು ಯಾಕೆ ಹೀಗೆ" ಅನ್ನೋ ಹೋಲಿಕೆಯೂ ಅಲ್ಲಿಂದಲೇ ಹುಟ್ಟೋದು, ಅಲ್ವಾ?

ಇನ್ನೊಂದು ಮಾತು, ಇದನ್ನು ತಮಾಷೆ ಮಾಡದೆ ಹೇಳ್ತೀನಿ. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ನಿದ್ದೆ ಮಾಡಲು ಸಮಯ ಸಿಕ್ಕಾಗಲೂ ನಿದ್ದೆ ಬರದಿದ್ದರೆ, ನಿಮಗೇ ಡಾಕ್ಟರ್ ಬೇಕು. ಬದುಕೇ ಬೇಡ ಅನಿಸಿದರೆ ಎರಡು ವಾರ ಕಾಯಬೇಡಿ, ಅವತ್ತೇ ಹೇಳಿ. ಗಂಡನಿಗೂ ಇದೇ ಮಾತು.

ಪ್ರಶ್ನೆ: ಏಳನೇ ತಿಂಗಳಲ್ಲಿ ಹುಟ್ಟಿದ ಮಗು ಬದುಕುತ್ತೆ, ಎಂಟರದ್ದು ಬದುಕಲ್ಲ, ನಿಜವೇ?

ಸುಳ್ಳು. ಪ್ರಾಚೀನ ಗ್ರೀಕರ ಕಾಲದಿಂದ ನಡೆದು ಬಂದಿರುವ ಸುಳ್ಳು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಲಾಭವೇ.

ಪ್ರಶ್ನೆ: ಮಗುವಿನ ತೂಕ ಹೆಚ್ಚಿಸುವ ಡ್ರಾಪ್ಸ್ ಆನ್‌ಲೈನ್‌ನಲ್ಲಿ ತರಿಸಿದ್ದೇವೆ. ಕೊಡಬಹುದೇ?

ಕಸದ ಬುಟ್ಟಿಗೆ ಕೊಡಿ. ಮಾರಿದವನು ನಿಮ್ಮ ಮಗುವಿನ ಕರುಳನ್ನು ನೋಡಿದ್ದಾನಾ?

ಪ್ರಶ್ನೆ: ಲಸಿಕೆ ಡ್ಯೂ ಡೇಟ್‌ನಿಂದ ಲೆಕ್ಕ ಹಾಕಬೇಕಾ?

ಇಲ್ಲ, ಲಸಿಕೆಗೆ ಹುಟ್ಟಿದ ದಿನವೇ ಲೆಕ್ಕ. ಕೂರೋದು, ನಡೆಯೋದು, ಮಾತಾಡೋದಕ್ಕೆ ಮಾತ್ರ ಡ್ಯೂ ಡೇಟ್.

ಪ್ರಶ್ನೆ: ಒಬ್ಬಳು ಡಿಸ್ಚಾರ್ಜ್ ಆಗ್ತಾಳೆ, ಇನ್ನೊಬ್ಬಳು ಉಳೀತಾಳೆ. ಇಬ್ಬರನ್ನೂ ಒಟ್ಟಿಗೇ ಕಳಿಸಿ ಅಂತ ಕೇಳಬಹುದಾ?

ಕೇಳಬಹುದು, ನಾನಂತೂ ಸಾಮಾನ್ಯವಾಗಿ ಒಪ್ಪಲ್ಲ. ಆರೋಗ್ಯವಾಗಿರುವ ಮಗುವನ್ನು ಸೋಂಕಿನ ಅಪಾಯ ಇರುವಲ್ಲಿ ಸುಮ್ನೆ ಇಟ್ಟುಕೊಳ್ಳೋದು ಯಾಕೆ? ಮನೆಗೆ ಬಂದವಳ ಜೊತೆ ಒಬ್ಬರು, ಒಳಗಿರುವವಳ ಹತ್ತಿರ ಒಬ್ಬರು, ದಿನ ಬಿಟ್ಟು ದಿನ ಅದಲುಬದಲು ಮಾಡಿಕೊಳ್ಳಿ. ಮೊದಲು ಹೊರಟವಳಿಗೆ ಕಣ್ಣಿನ ರೆಟಿನಾ ಪರೀಕ್ಷೆ ಆಗಿದೆಯಾ, ಮುಂದಿನದು ಯಾವತ್ತು ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಮಗು ನೋಡೋಕೆ ಚೆನ್ನಾಗಿದೆ ಅಂತ ಅದನ್ನು ಒಂದು ವಾರವೂ ಮುಂದೂಡಬೇಡಿ.